ಹತ್ತಿಯ ಗುಲಾಬಿ ಕಾಯಿಕೊರಕ: ಪತಂಗವನ್ನು ಗುರುತಿಸಿ, ಎಣಿಸಿ, ತಡೆಯುವ ಕ್ರಮ

ದಸರೆ ಕಳೆದ ಮೇಲೆ ಹತ್ತಿಯ ಹಸಿರು ಕಾಯಿ ಸೀಳಿ ನೋಡಿ, ಒಳಗೆ ಗುಲಾಬಿ ಪಟ್ಟೆಯ ಹುಳು ಕಂಡ ದಿನವೇ ಔಷಧಿ ಅಂಗಡಿಗೆ ಹೋಗುವುದು ರಾಯಚೂರು, ದೇವದುರ್ಗ, ಸಿರುಗುಪ್ಪದ ಕಡೆ ಮಾಮೂಲು. ಆಗ ಹೋಗಿ ಪ್ರಯೋಜನ ಕಡಿಮೆ. ಮೈಮೇಲೆ ಗುಲಾಬಿ ಪಟ್ಟೆ ಮೂಡಿದೆ ಎಂದರೆ ಹುಳು ಹೆಚ್ಚುಕಡಿಮೆ ಬೆಳೆದು ಮುಗಿದಿದೆ ಎಂದರ್ಥ. ಅದು ಕಾಯಿಯ ಒಳಗೆ ಬೀಜ ತಿನ್ನುತ್ತಾ ಕುಳಿತಿರುತ್ತದೆ, ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದಿಲ್ಲ. ಈ ಕೀಟ ನಮ್ಮ ಕೈಗೆ ಸಿಗುವ ಸಂದರ್ಭಗಳು ಬೇರೆ: ಪತಂಗವಾಗಿ ಹಾರುವಾಗ, ಮೊಟ್ಟೆಯಾಗಿ ಹೊರಗಿರುವಾಗ, ಮೊಟ್ಟೆಯೊಡೆದು ಕಾಯಿ ಹೊಗುವ ಮುಂಚಿನ ಒಂದೆರಡು ತಾಸು, ಆಮೇಲೆ ಬೇಸಿಗೆಯಲ್ಲಿ ಬೀಜದೊಳಗೆ ಮಲಗಿರುವಾಗ. ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ಪತಂಗದಿಂದ.

ಪತಂಗ ಹೇಗಿರುತ್ತದೆ

ಇದರ ವೈಜ್ಞಾನಿಕ ಹೆಸರು ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ, ಕುಟುಂಬ ಗೆಲೆಕಿಯಿಡೆ. ಆಲೂಗಡ್ಡೆ ಗಡ್ಡೆಕೊರಕ, ಟೊಮೆಟೊದ ಟ್ಯೂಟಾ ಊಜಿ, ಭತ್ತ-ಜೋಳದ ಚೀಲದಿಂದ ಏಳುವ ಧಾನ್ಯದ ಪತಂಗ ಎಲ್ಲವೂ ಇದೇ ಕುಟುಂಬದವು. ರೆಕ್ಕೆ ಮಡಚಿ ಕುಳಿತಾಗ ಭತ್ತದ ಕಾಳಿನಷ್ಟೇ ಇರುತ್ತದೆ: ಉದ್ದ 7–8 ಮಿ.ಮೀ. ರೆಕ್ಕೆ ಬಿಚ್ಚಿದರೆ 15ರಿಂದ 20 ಮಿ.ಮೀ. ಅಗಲ.

ಮೈಬಣ್ಣ ಬೂದು ಬೆರೆತ ಕಂದು, ತಲೆಯ ಮೇಲೆ ಸ್ವಲ್ಪ ಕೆಂಪು ಛಾಯೆ. ಮುಂದಿನ ರೆಕ್ಕೆ ಕಿರಿದಾಗಿ ತುದಿಯಲ್ಲಿ ಚೂಪಾಗಿದ್ದು, ಅದರ ಮೇಲೆ ಕಪ್ಪು ಚುಕ್ಕೆಗಳೂ ಅಸ್ಪಷ್ಟ ಅಡ್ಡಪಟ್ಟೆಗಳೂ ಇರುತ್ತವೆ. ಹಿಂದಿನ ರೆಕ್ಕೆ ಮುಂದಿನದಕ್ಕಿಂತ ಅಗಲ. ಬೆಳ್ಳಿಯಂಥ ಬೂದು ಬಣ್ಣ, ಅಂಚಿನುದ್ದಕ್ಕೂ ಉದ್ದನೆಯ ಕೂದಲಿನ ಜಾಲರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದರೆ ಇನ್ನೆರಡು ಗುರುತು ಸಿಗುತ್ತವೆ. ಮುಖದ ಮುಂದೆ ಎರಡು ಉದ್ದನೆಯ ಅಂಗಗಳು ಕೊಂಬಿನ ಹಾಗೆ ಮೇಲಕ್ಕೆ ಬಾಗಿರುತ್ತವೆ. ಮೀಸೆಯ ಬುಡದ ಗಂಟಿನಲ್ಲಿ ಐದಾರು ಬಿರುಸು ಕೂದಲು ಸಾಲಾಗಿ ನಿಂತಿರುತ್ತವೆ. ಪತಂಗ ಹಿಡಿಯುವ ಬಲೆಯ ಚೀಲದಲ್ಲಿ ಒದ್ದಾಡಿ ರೆಕ್ಕೆಯ ಹುಡಿ ಉದುರಿ ಹೋದ ಪತಂಗವನ್ನು ಗುರುತಿಸಲು ಇವೆರಡೇ ಉಳಿಯುವ ಆಧಾರ.

ಮನೆಯಲ್ಲಿ ಜೋಳದ ಚೀಲದ ಸುತ್ತ ಹಾರುವ ಪತಂಗ ಒಣಹುಲ್ಲಿನ ಬಣ್ಣದ್ದು, ಮೈಮೇಲೆ ಕಪ್ಪು ಗುರುತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಕಂಡು ಹತ್ತಿ ಹುಳು ಮನೆಗೂ ಬಂತೆಂದು ಗಾಬರಿಯಾಗಬೇಕಿಲ್ಲ. ಚುಕ್ಕೆ ಕಾಯಿಕೊರಕದ ಪತಂಗಕ್ಕೆ ಮುಂದಿನ ರೆಕ್ಕೆಯ ನಡುವೆ ಹಸಿರು ಪಟ್ಟೆ ಇರುತ್ತದೆ. ಅಮೆರಿಕನ್ ಕಾಯಿಕೊರಕದ್ದು ಇದರ ಎರಡು ಪಟ್ಟಿಗಿಂತ ದೊಡ್ಡ, ದಪ್ಪ ಮೈಯ ಪತಂಗ.

ಎಲ್ಲಿಂದ ಎಲ್ಲಿಯವರೆಗೆ

1842ರಲ್ಲಿ ಗುಜರಾತಿನ ಭರೂಚ್‌ನಿಂದ ಕಳಿಸಿದ ಮಾದರಿಗಳನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷ್ ಕೀಟತಜ್ಞ ಮರುವರ್ಷ ಇದನ್ನು ಮೊದಲ ಬಾರಿಗೆ ವರ್ಣಿಸಿದ. ಬೀಜದ ಹತ್ತಿಯ ಜೊತೆ ಹಡಗು ಏರಿ 20ನೇ ಶತಮಾನದ ಆರಂಭಕ್ಕೆ ಈಜಿಪ್ಟ್, 1911ಕ್ಕೆ ಮೆಕ್ಸಿಕೊ, 1917ಕ್ಕೆ ಅಮೆರಿಕದ ಟೆಕ್ಸಾಸ್ ಮುಟ್ಟಿತು. ಇವತ್ತು ಬೆಚ್ಚನೆಯ ಹವೆಯ ಹತ್ತಿ ನಾಡುಗಳಲ್ಲಿ ಬಹುಪಾಲು ಎಲ್ಲೆಡೆ ಇದೆ. ಅಮೆರಿಕ ಮಾತ್ರ 2018ರಲ್ಲಿ ತನ್ನ ಹತ್ತಿ ಹೊಲಗಳಿಂದ ಇದನ್ನು ಪೂರ್ತಿ ನಿರ್ಮೂಲ ಮಾಡಿದ್ದಾಗಿ ಘೋಷಿಸಿತು. ಅಲ್ಲಿ ಬಿಟಿ ಹತ್ತಿ (ಕಾಯಿಕೊರಕಕ್ಕೆ ವಿಷವಾಗುವ ಜೀನು ಸೇರಿಸಿದ ಹತ್ತಿ), ಹೆಣ್ಣು ಪತಂಗದ ಮೋಹಕ ವಾಸನೆ, ಬಂಜೆ ಮಾಡಿದ ಪತಂಗಗಳ ಬಿಡುಗಡೆ, ಬೆಳೆ ಮುಗಿದ ಕೂಡಲೇ ಕಟ್ಟಿಗೆ ನಾಶ ಇವೆಲ್ಲವನ್ನೂ ಒಟ್ಟಿಗೆ, ಇಡೀ ಪ್ರದೇಶಕ್ಕೆ ಮಾಡಿದರು. ಒಬ್ಬೊಬ್ಬರೇ ಮಾಡಿ ಆಗುವ ಕೆಲಸ ಇದಲ್ಲ.

ನಮ್ಮಲ್ಲಿ ಬಿಟಿ ಹತ್ತಿ ಬಂದದ್ದು 2002ರಲ್ಲಿ, ಎರಡು ಜೀನಿನ ಬಿಜಿ-2 ಬಂದದ್ದು 2006ರಲ್ಲಿ. ಕೆಲವು ವರ್ಷ ಗುಲಾಬಿ ಹುಳು ಕಾಣದೇ ಹೋಯಿತು, ಆಮೇಲೆ ಎರಡೂ ಜೀನಿನ ವಿಷಗಳನ್ನು ಅರಗಿಸಿಕೊಂಡು ಮರಳಿತು. ಕಾರಣಗಳಲ್ಲಿ ಒಂದು ಕಾಯಿಯೊಳಗೇ ಇದೆ. ಇಲ್ಲಿ ಬಿತ್ತುವುದು ಹೈಬ್ರಿಡ್ ಬೀಜ. ಅದರ ಗಿಡದಲ್ಲಿ ಕಟ್ಟಿದ ಕಾಯಿಯ ಬೀಜಗಳಿಗೆಲ್ಲ ಬಿಟಿ ಜೀನು ಹಂಚಿಕೆಯಾಗುವುದಿಲ್ಲ, ಒಂದೊಂದು ಜೀನೂ ಸುಮಾರು ನಾಲ್ಕರಲ್ಲಿ ಒಂದು ಬೀಜಕ್ಕೆ ತಪ್ಪುತ್ತದೆ. ಬೀಜವನ್ನೇ ತಿನ್ನುವ ಹುಳುವಿಗೆ ಹೀಗೆ ಅರೆಬರೆ ವಿಷದ ಊಟ ಸಿಕ್ಕಿ ಮೈಗೆ ಒಗ್ಗುತ್ತಾ ಹೋಯಿತು. ಇನ್ನೊಂದು ಕಾರಣ, ವಿಷಕ್ಕೆ ಒಗ್ಗದ ಪತಂಗಗಳೂ ಉಳಿಯಲೆಂದು ಬದುವಿನ ಸುತ್ತ ಹಾಕಲು 450 ಗ್ರಾಂ ಪೊಟ್ಟಣದ ಜೊತೆ ಕೊಡುತ್ತಿದ್ದ 120 ಗ್ರಾಂ ಬಿಟಿಯಲ್ಲದ ಬೀಜವನ್ನು ಬಹಳಷ್ಟು ಮಂದಿ ಬಿತ್ತಲೇ ಇಲ್ಲ. ‘ಬಿಟಿ ಹಾಕಿದ್ದೇನೆ, ಕಾಯಿಕೊರಕ ಬರಲ್ಲ’ ಎಂಬ ಮಾತು ಈಗ ಅಮೆರಿಕನ್ ಕಾಯಿಕೊರಕಕ್ಕೆ ಸುಮಾರಾಗಿ ಸರಿ, ಗುಲಾಬಿಗೆ ಸರಿಯಲ್ಲ.

ಹತ್ತಿ ಬಿಟ್ಟರೆ ಬೆಂಡೆ, ಪುಂಡಿ ಮುಂತಾದ ಅದೇ ಕುಟುಂಬದ ಗಿಡಗಳಲ್ಲೂ ಬದುಕಬಲ್ಲದು. ಹತ್ತಿ ಹೊಲದ ಬದುವಿನಲ್ಲಿ ಪಲ್ಯಕ್ಕೆಂದು ಹಾಕಿದ ಪುಂಡಿಯನ್ನು ಕಾಯಿ ಕಟ್ಟುವವರೆಗೆ ಬಿಡದೆ ಸೊಪ್ಪಿದ್ದಾಗಲೇ ಕಿತ್ತು ಮುಗಿಸಿ.

ಒಂದು ತಿಂಗಳ ಬದುಕು

ಹೆಣ್ಣು ಪತಂಗ ರಾತ್ರಿ ಓಡಾಡುತ್ತದೆ, ಹಗಲು ಮಣ್ಣಿನ ಬಿರುಕಿನಲ್ಲೋ ತರಗೆಲೆಯಡಿಯೋ ಅಡಗಿರುತ್ತದೆ. ಎರೆ ಭೂಮಿಯಲ್ಲಿ ಬಿರುಕಿಗೆ ಬರವಿಲ್ಲ. ಒಂದು ಹೆಣ್ಣು ನೂರರಿಂದ ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಒಂದೊಂದಾಗಿ ಇಲ್ಲವೇ ನಾಲ್ಕೈದರ ಗುಂಪಾಗಿ. ಮೊಟ್ಟೆ ಅರ್ಧ ಮಿ.ಮೀ. ಉದ್ದ, ಇಟ್ಟಾಗ ಮುತ್ತಿನ ಬಿಳಿ, ಒಡೆಯುವ ಹೊತ್ತಿಗೆ ಕೆಂಪು ಛಾಯೆ. ಬೆಳೆ ಎಳೆಯದಿದ್ದಾಗ ಮೊಗ್ಗು ಮತ್ತು ಚಿಗುರಿನ ಮೇಲೆ, ಕಾಯಿ ಬಂದ ಮೇಲೆ ಕಾಯಿಯ ಬುಡವನ್ನು ಮುಚ್ಚಿದ ಹಸಿರು ಎಸಳಿನ ಅಡಿಯಲ್ಲಿ. ಆ ಎಸಳನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸದೆ ಮೊಟ್ಟೆ ಕಾಣುವುದೇ ಇಲ್ಲ.

ಮೂರರಿಂದ ಆರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿ ಬಿಳಿ, ತಲೆ ಮಾತ್ರ ಕಪ್ಪು; ಎರಡು ತಾಸಿನೊಳಗೆ ಮೊಗ್ಗನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರುತ್ತದೆ. ಹೊಕ್ಕ ತೂತು ಸೂಜಿ ಮೊನೆಯಷ್ಟು, ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುವುದು ಇದೇ ಕಾರಣಕ್ಕೆ. ಅಮೆರಿಕನ್ ಕಾಯಿಕೊರಕ ದೊಡ್ಡ ತೂತು ಕೊರೆದು, ಅರ್ಧ ಮೈ ಹೊರಗಿಟ್ಟು, ಹಿಕ್ಕೆಯನ್ನು ಹೊರಗೆ ತಳ್ಳುತ್ತದೆ. ಗುಲಾಬಿ ಹುಳು ಇಂಥ ಯಾವ ಸುಳಿವನ್ನೂ ಕೊಡುವುದಿಲ್ಲ.

ಒಳಗೆ ನಾಲ್ಕು ಹಂತ ದಾಟುತ್ತದೆ. ಮೊದಲೆರಡು ಹಂತದಲ್ಲಿ ಬಿಳಿಯಾಗಿದ್ದು ಅರಳೆಯ ನಡುವೆ ಕಣ್ಣಿಗೆ ಬೀಳುವುದು ಕಷ್ಟ. ಆಮೇಲೆ ಅಡ್ಡಡ್ಡ ಗುಲಾಬಿ ಪಟ್ಟೆ ಮೂಡುತ್ತವೆ. ಪೂರ್ತಿ ಬೆಳೆದ ಹುಳು 11–13 ಮಿ.ಮೀ. ಆ ಹಂತದಲ್ಲಿ ಬೆನ್ನಿನ ಚರ್ಮದ ಮೂಲಕ ಒಂದು ಕಪ್ಪು ಮಚ್ಚೆ ಕಂಡರೆ ಅದು ಗಂಡು. ಕಾಣುವುದು ಅದರ ವೃಷಣ. ಬೆಚ್ಚಗಿನ ದಿನಗಳಲ್ಲಿ ಹುಳುವಿನ ಹಂತ 10–14 ದಿನ, ಚಳಿಯಲ್ಲಿ ಇನ್ನೂ ಉದ್ದ. ಬೆಳೆದ ಮೇಲೆ ಸುಮಾರು 2 ಮಿ.ಮೀ.ಯ ದುಂಡು ತೂತು ಕೊರೆದು ಹೊರಬಂದು ನೆಲಕ್ಕೆ ಬಿದ್ದು, ಮೇಲ್ಮಣ್ಣಿನಲ್ಲಿ ಅಥವಾ ಕಸದಡಿ ಕೋಶವಾಗುತ್ತದೆ. ಕೋಶ ಕೆಂಪು ಕಂದು, 7–10 ಮಿ.ಮೀ.; ಏಳರಿಂದ ಹತ್ತು ದಿನಕ್ಕೆ ಪತಂಗ ಏಳುತ್ತದೆ. ಹೀಗೆ 25–35 ದಿನಕ್ಕೊಂದು ಪೀಳಿಗೆ. ಜೂನ್ ಕೊನೆಗೆ ಬಿತ್ತಿದ ಹೊಲದಲ್ಲಿ ಮೊದಲ ಪೀಳಿಗೆ ಹೂವಿನಲ್ಲೇ ಬೆಳೆಯುತ್ತದೆ, ಮುಂದಿನವು ಕಾಯಿಯಲ್ಲಿ. ದೀಪಾವಳಿ ಹೊತ್ತಿಗೆ ಪೀಳಿಗೆಗಳು ಒಂದರ ಮೇಲೊಂದು ಬಿದ್ದು ಮೊಟ್ಟೆ, ಹುಳು, ಕೋಶ, ಪತಂಗ ನಾಲ್ಕೂ ಒಂದೇ ಹೊಲದಲ್ಲಿ ಸಿಗುತ್ತವೆ. ಆಗ ಒಂದು ಸಿಂಪಡಣೆಯಿಂದ ಏನೂ ಆಗದು.

ಇನ್ನೊಂದು ಬಗೆಯ ಬದುಕೂ ಇದಕ್ಕಿದೆ, ನಮಗೆ ಹೆಚ್ಚು ನಷ್ಟ ಮಾಡುವುದು ಅದೇ. ಹಗಲು ಕುಗ್ಗಿ ರಾತ್ರಿ ತಂಪಾದಾಗ, ಅಂದರೆ ನವೆಂಬರಿನಿಂದ ಮುಂದೆ, ಬೆಳೆದ ಹುಳುಗಳಲ್ಲಿ ಒಂದು ಪಾಲು ಕೋಶವಾಗದೆ ಹಾಗೇ ಸುಪ್ತಾವಸ್ಥೆಗೆ ಹೋಗುತ್ತವೆ. ಒಂದು ಬೀಜ ಟೊಳ್ಳು ಮಾಡಿ, ಪಕ್ಕದ ಬೀಜವನ್ನು ರೇಷ್ಮೆ ನೂಲಿನಿಂದ ಅದಕ್ಕೆ ಅಂಟಿಸಿ, ಎರಡರ ನಡುವೆ ಸುರುಳಿಯಾಗಿ ಮಲಗುತ್ತವೆ. ಬಿಡಿಸಿದ ಹತ್ತಿಯನ್ನು ಬೆರಳಿನಿಂದ ಹಿಸುಕಿ ನೋಡಿದರೆ ಈ ಜೋಡಿ ಬೀಜ ಗಟ್ಟಿಯಾಗಿ ಒಟ್ಟಿಗೇ ಸಿಗುತ್ತದೆ. ಉಗುರಿನಿಂದ ಬಿಡಿಸಿದರೆ ಒಳಗೆ ಹುಳು. ಹೀಗೆ ತಿಂಗಳುಗಟ್ಟಲೆ ಇದ್ದು ಮುಂಗಾರಿನ ತೇವ ಬಿದ್ದ ಮೇಲೆ ಪತಂಗವಾಗಿ ಏಳುತ್ತವೆ. ಎದ್ದಾಗ ಹೊಲದಲ್ಲಿ ಮೊಗ್ಗು ಇಲ್ಲದಿದ್ದರೆ ಮರಿಗೆ ತಿನ್ನಲು ಏನೂ ಇಲ್ಲದೆ ಆ ಪೀಳಿಗೆ ಅಲ್ಲಿಗೇ ನಿಲ್ಲುತ್ತದೆ. ಏಪ್ರಿಲ್–ಮೇನಲ್ಲಿ ಬೋರ್ ನೀರು ಹಾಯಿಸಿ ಬಿತ್ತಿದ ಹೊಲ ಊರಿಗೇ ಕಂಟಕವಾಗುವುದು ಹೀಗೆ: ಸಾಯಬೇಕಾದ ಪತಂಗಕ್ಕೆ ಅಲ್ಲಿ ಮೊಗ್ಗು ಸಿಗುತ್ತದೆ. ಮೃಗಶಿರಾ–ಆರಿದ್ರಾ ಮಳೆಗೆ ಊರವರೆಲ್ಲ ಒಟ್ಟಿಗೆ ಬಿತ್ತುವುದು ಒಳ್ಳೆಯದು.

ಹೆಜ್ಜೆ 1: ಮೋಹಕ ಬಲೆ ಕಟ್ಟುವುದು

ಹೆಣ್ಣು ಪತಂಗದ ವಾಸನೆ ತುಂಬಿದ ಸಣ್ಣ ತುಂಡು (ಲೂರ್) ಸಿಕ್ಕಿಸಿ ಗಂಡುಗಳನ್ನು ಸೆಳೆಯುವ ಈ ಬಲೆ ಬಿತ್ತಿ 45 ದಿನಕ್ಕೆ ಹೊಲದಲ್ಲಿರಬೇಕು. ಲೆಕ್ಕ ನೋಡಲು ಎಕರೆಗೆ 2 ಸಾಕು. ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯುವ ಉದ್ದೇಶವಿದ್ದರೆ 8ರಿಂದ 10. ಕೊಳ್ಳುವಾಗ ‘ಗುಲಾಬಿ ಕಾಯಿಕೊರಕದ ಲೂರ್’ ಎಂದು ಹೆಸರು ಹಿಡಿದು ಕೇಳಿ, ಪೊಟ್ಟಣದ ಮೇಲೆ ಗಾಸಿಪ್ಲೂರ್ (ಆ ವಾಸನೆಯ ಹೆಸರು) ಎಂದಿದೆಯೇ, ತಯಾರಾದ ತಾರೀಖು ಯಾವುದು ನೋಡಿ. ಅಮೆರಿಕನ್ ಕಾಯಿಕೊರಕದ ಲೂರ್ ಕೊಂಡು ತಂದು ‘ಒಂದೂ ಬೀಳಲಿಲ್ಲ, ಹೊಲ ಚೊಕ್ಕ ಐತಿ’ ಎಂದುಕೊಂಡವರಿದ್ದಾರೆ.

ಕೋಲು ನೆಟ್ಟು, ಬಲೆಯ ಬಾಯಿ ಗಿಡದ ತುದಿಗಿಂತ ಅರ್ಧ ಅಡಿ ಮೇಲಿರುವಂತೆ ಕಟ್ಟಿ. ಗಿಡ ಬೆಳೆದಂತೆ ಬಲೆಯನ್ನೂ ಏರಿಸಬೇಕು. ಆಗಸ್ಟಿನಲ್ಲಿ ಕಟ್ಟಿದ ಬಲೆ ಅಕ್ಟೋಬರಿನಲ್ಲಿ ಎಲೆಗಳ ನಡುವೆ ಹೂತುಹೋಗಿ ಖಾಲಿ ನಿಂತಿರುವುದನ್ನು ಎಷ್ಟೋ ಹೊಲಗಳಲ್ಲಿ ನೋಡಬಹುದು. ಚೀಲದ ಬಲೆಯಾದರೆ ತಳವನ್ನು ಗಂಟು ಹಾಕಿ, ಕೋಲಿಗೆ ಕಟ್ಟಿ. ಗಾಳಿಗೆ ಬಡಿದು ಹರಿದ ಚೀಲ, ಸತ್ತ ಪತಂಗವನ್ನು ಹೊತ್ತೊಯ್ಯುವ ಇರುವೆ ಇವೆರಡೂ ಲೆಕ್ಕ ಕೆಡಿಸುತ್ತವೆ. ಕೋಲಿನ ಬುಡಕ್ಕೆ ಒಂದಿಷ್ಟು ಗ್ರೀಸ್ ಬಳಿದರೆ ಇರುವೆ ಹತ್ತುವುದಿಲ್ಲ. ಅಂಟುಹಾಳೆಯ ಬಲೆ ಎರೆ ಹೊಲದ ಧೂಳಿಗೆ ಬೇಗ ಕೆಡುತ್ತದೆ. ನಮ್ಮ ಕಡೆ ಚೀಲದ ಬಲೆಯೇ ಮೇಲು.

ಲೂರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೀಡಿ, ತಂಬಾಕು, ಔಷಧಿ ಮುಟ್ಟಿದ ಕೈಯಂತೂ ಬೇಡವೇ ಬೇಡ. ಪೊಟ್ಟಣದ ತುದಿ ಕತ್ತರಿಸಿ ಪ್ಲಾಸ್ಟಿಕ್ ಹಾಳೆಯಿಂದಲೇ ಹಿಡಿದು ಸಿಕ್ಕಿಸಿ. ಮೂರು ವಾರಕ್ಕೊಮ್ಮೆ ಬದಲಿಸಿ, ತಾರೀಖನ್ನು ಕೋಲಿನ ಮೇಲೆ ಬರೆದಿಡಿ. ಹಳೆಯ ಲೂರನ್ನು ಅಲ್ಲೇ ಬದುವಿಗೆ ಎಸೆದರೆ ಗಂಡುಗಳು ಅದರ ಸುತ್ತಲೂ ಸುಳಿಯುತ್ತವೆ, ಹೊಲದಾಚೆ ಒಯ್ದು ಹೂಳಿ. ಉಳಿದ ಲೂರ್ ಫ್ರಿಜ್ಜಿನಲ್ಲಿರಲಿ.

ಬೆಳಿಗ್ಗೆ ಚೀಲ ಬಿಚ್ಚಿ ಬಿಳಿ ಹಾಳೆಯ ಮೇಲೆ ಸುರಿದು ಎಣಿಸಿ, ಬರೆದುಕೊಂಡು, ಚೀಲ ಖಾಲಿ ಮಾಡಿ ಮತ್ತೆ ಕಟ್ಟಿ. ವಾರಕ್ಕೊಮ್ಮೆ ಒಟ್ಟು ಎಣಿಸಿದರೆ ಒಂದು ರಾತ್ರಿಯ ಲೆಕ್ಕ ಸಿಗುವುದಿಲ್ಲ. ಬೇಕಾದ್ದು ಈ ಸಂಖ್ಯೆ: ಒಂದು ಬಲೆಗೆ ಒಂದು ರಾತ್ರಿಗೆ 8 ಪತಂಗ, ಸತತ ಮೂರು ರಾತ್ರಿ. ಅದು ಮುಟ್ಟಿದರೆ ಕ್ರಮ ಕೈಗೊಳ್ಳುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಬಲೆಗೆ ಬೀಳುವುದು ಗಂಡು ಮಾತ್ರ; ಹೆಣ್ಣು ಅದೇ ರಾತ್ರಿಗಳಲ್ಲಿ ಮೊಟ್ಟೆಗೆ ಸಿದ್ಧವಾಗುತ್ತಿರುತ್ತದೆ.

ಹೆಜ್ಜೆ 2: ಹೂವು ನೋಡುವುದು

ಹುಳು ಹೊಕ್ಕ ಹೂವಿನ ಪಕಳೆಗಳು ಅರಳದೆ, ನೂಲಿನಿಂದ ಹೊಲಿದಂತೆ ತುದಿಯಲ್ಲಿ ಸುತ್ತಿಕೊಂಡು ಗುಲಾಬಿ ಮೊಗ್ಗಿನ ಆಕಾರಕ್ಕೆ ನಿಲ್ಲುತ್ತವೆ. ಇದು ಈ ಕೀಟ ಹೊರಗೆ ತೋರಿಸುವ ಏಕೈಕ ಸ್ಪಷ್ಟ ಗುರುತು. 50 ದಿನದಿಂದ ಶುರುಮಾಡಿ ವಾರಕ್ಕೆರಡು ಸಲ, ಬೆಳಗಿನ ಹೊತ್ತು ಹೂವು ಅರಳಿದ ಮೇಲೆ ಸಾಲಿನಲ್ಲಿ ನಡೆದು ನೋಡಿ. ಅರಳಿದವುಗಳ ನಡುವೆ ಅರಳದವು ತಾವಾಗಿ ಕಾಣುತ್ತವೆ. ಕಿತ್ತು ಬಕೆಟ್ಟಿನ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ನೆಲಕ್ಕೆ ಎಸೆದರೆ ಹುಳು ಅಲ್ಲೇ ಕೋಶವಾಗುತ್ತದೆ, ಕಿತ್ತ ಶ್ರಮ ವ್ಯರ್ಥ. ನೂರು ಹೂವಿಗೆ ಹತ್ತು ಇಂಥವು ಸಿಕ್ಕರೆ ಅದೂ ಕ್ರಮ ಕೈಗೊಳ್ಳಬೇಕಾದ ಹಾನಿಯ ಮಟ್ಟವೇ.

ಹೆಜ್ಜೆ 3: ಕಾಯಿ ಸೀಳುವುದು

ಎಕರೆಗೆ 20 ಗಿಡದಿಂದ 20 ಹಸಿರು ಕಾಯಿ. ಬದುವಿನ ಪಕ್ಕದ್ದನ್ನೇ ಕೀಳದೆ ಹೊಲದೊಳಗೆ ಅಡ್ಡಾಡಿ ಆರಿಸಿ. ಕಾಯಿ ಎರಡರಿಂದ ಮೂರು ವಾರದ್ದಿರಲಿ, ಹಿಸುಕಿದರೆ ಇನ್ನೂ ಸ್ವಲ್ಪ ಮೆತ್ತಗಿರಬೇಕು. ಗಟ್ಟಿಯಾದ ಹಳೆಯ ಕಾಯಿಯನ್ನು ಮರಿ ಅಷ್ಟಾಗಿ ಹೊಗುವುದಿಲ್ಲ. ಕುಡುಗೋಲಿನಿಂದ ತೊಳೆಯ ಗೆರೆಗುಂಟ ಸೀಳಿ, ಮೊದಲು ಸಿಪ್ಪೆಯ ಒಳಮೈ ನೋಡಿ. ಮರಿ ಹೊಕ್ಕ ಕಡೆ ಸಣ್ಣ ಗಂಟು, ಅದರಿಂದ ಹೊರಟ ಸಣ್ಣ ಸುರಂಗದ ಗೀರು ಇರುತ್ತದೆ. ಆಮೇಲೆ ಅರಳೆ ಬಿಡಿಸಿ ಒಂದೊಂದೇ ಬೀಜ ನೋಡಿ. 20ರಲ್ಲಿ 2 ಕಾಯಿಯಲ್ಲಿ ಜೀವಂತ ಹುಳು ಸಿಕ್ಕರೆ ಶೇ. 10 ಆಯಿತು, ಇದೂ ಹಾನಿಯ ಮಟ್ಟವೇ. ಬಿಳಿ ಮರಿಯೂ ಹುಳುವೇ. ಗುಲಾಬಿ ಬಣ್ಣದ್ದನ್ನು ಮಾತ್ರ ಎಣಿಸಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಹೆಜ್ಜೆ 4: ಔಷಧಿ, ಅದರ ಸರದಿ

ಮೊದಲ ಪತಂಗಗಳು ಬೀಳತೊಡಗಿದಾಗ, ಸಂಖ್ಯೆ 8 ಮುಟ್ಟುವ ಮುಂಚೆಯೇ, ಬೇವಿನ ಬೀಜದ ಶೇ. 5ರ ಕಷಾಯ ಹೊಡೆಯಬಹುದು: 5 ಕಿಲೊ ಬೇವಿನ ಬೀಜದ ತಿರುಳನ್ನು ಕುಟ್ಟಿ ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ಏರಿಸಿ, 100 ಗ್ರಾಂ ಸಾಬೂನು ಕರಗಿಸಿ ಬೆರೆಸಿ. ಮೊಟ್ಟೆ ಇಡುವುದು ತಗ್ಗುತ್ತದೆ. ಅದೇ ಹೊತ್ತಿಗೆ ಟ್ರೈಕೊಗ್ರಾಮಟಾಯ್ಡಿಯಾ ಬ್ಯಾಕ್ಟ್ರೆ ಎಂಬ, ಕೀಟದ ಮೊಟ್ಟೆಯೊಳಗೇ ಬೆಳೆದು ಅದನ್ನು ಕೊಲ್ಲುವ ಸಣ್ಣ ಕಣಜದ ಕಾರ್ಡು ಸಿಕ್ಕರೆ ಎಕರೆಗೆ 60,000ದಂತೆ ವಾರಕ್ಕೊಮ್ಮೆ ಮೂರು ಸಲ, ಸಂಜೆ ಹೊತ್ತು ಎಲೆಯಡಿ ಸಿಕ್ಕಿಸಿ. ಕಾರ್ಡು ಕಟ್ಟಿದ ವಾರ ರಾಸಾಯನಿಕ ಬೇಡ.

ಮಟ್ಟ ಮುಟ್ಟಿದ ಮೇಲೆ ಪ್ರೊಫೆನೊಫಾಸ್ 50 ಇ.ಸಿ. ಲೀಟರಿಗೆ 2 ಮಿ.ಲೀ., ಅಥವಾ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಎಕರೆಗೆ 76–88 ಗ್ರಾಂ. ಬೆಳೆದ ಹತ್ತಿಗೆ ಎಕರೆಗೆ 200 ಲೀಟರ್ ನೀರು ಬೇಕು. ನಾಲ್ಕು ಟ್ಯಾಂಕಿನಲ್ಲಿ ಮುಗಿಸಿದರೆ ಮೇಲಿನ ಎಲೆ ಮಾತ್ರ ತೊಯ್ಯುತ್ತದೆ, ಮೊಟ್ಟೆ ಇರುವುದು ನಡುವಿನ ಕಾಯಿಗಳ ಬುಡದಲ್ಲಿ. ಎರಡನೇ ಸಲ ಅದೇ ಔಷಧಿ ಬೇಡ, ಗುಂಪು ಬದಲಿಸಿ. ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳನ್ನು 120 ದಿನ ದಾಟುವವರೆಗೆ ಮುಟ್ಟಬೇಡಿ. ಬೇಗ ಹೊಡೆದರೆ ಮಿತ್ರಕೀಟ ಸತ್ತು ಬಿಳಿನೊಣ ಏಳುತ್ತದೆ. ಮೂರು ನಾಲ್ಕು ಔಷಧಿ ಒಂದೇ ಟ್ಯಾಂಕಿಗೆ ಸುರಿಯುವ ಅಭ್ಯಾಸ ಖರ್ಚು ಹೆಚ್ಚಿಸುತ್ತದೆ, ಹುಳುವನ್ನಲ್ಲ ಮನುಷ್ಯನನ್ನು ಕೊಲ್ಲುತ್ತದೆ: 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಾ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಗಿಡ ಎದೆಮಟ್ಟಕ್ಕಿಂತ ಎತ್ತರವಿದ್ದರೆ ಹನಿ ಮುಖದ ಮೇಲೇ ಬೀಳುತ್ತದೆ. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿ, ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ.

ಹೆಜ್ಜೆ 5: ಬೆಳೆ ಮುಗಿಸುವುದು

ಒಂದೇ ಒಂದು ಹೆಜ್ಜೆ ಮಾಡಲು ಸಾಧ್ಯ ಎನ್ನುವವರಿಗೆ ಹೇಳಬೇಕಾದದ್ದು ಇದನ್ನೇ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಹತ್ತಿ ಹೊಲದಲ್ಲಿ ಇರಬಾರದು. ತುಂಗಭದ್ರಾ ಎಡದಂಡೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ ಎಂದು ಫೆಬ್ರುವರಿ–ಮಾರ್ಚ್‌ವರೆಗೆ ಎಳೆದರೆ ಸಿಗುವ ಕೊನೆಯ ಬಿಡಿಸುವಿಕೆಯ ಹತ್ತಿ ಹಳದಿ ಕಲೆಯದ್ದು, ತೂಕ ಕಡಿಮೆ, ಮಾರುಕಟ್ಟೆಯಲ್ಲಿ ದರವೂ ಕಡಿಮೆ, ಬಿಡಿಸುವ ಕೂಲಿ ಮಾತ್ರ ಅಷ್ಟೇ. ಅದರ ಜೊತೆ ಬೀಜದಲ್ಲಿ ಮಲಗುವ ಹುಳುವಿನ ಮುಖ್ಯ ಬೆಳೆ ಬರುವುದೂ ಆ ಕಾಯಿಗಳಲ್ಲೇ. ನೀರಿದ್ದವರು ಹತ್ತಿ ಕಿತ್ತು ಶೇಂಗಾ ಹಾಕಲಿ. ಕೂಳೆ ಹತ್ತಿ ಬೇಡ.

ಕೊನೆಯ ಬಿಡಿಸುವಿಕೆ ಆದ ಮೇಲೆ ಹೊಲದಲ್ಲಿ ಕುರಿ ಮಂದೆ ಬಿಡಿಸಿದರೆ ಉಳಿದ ಹಸಿ ಕಾಯಿ, ಅರೆಬಿರಿದ ಕಾಯಿ ತಿಂದು ಮುಗಿಸುತ್ತವೆ, ಗೊಬ್ಬರವೂ ಆಯಿತು. ಇತ್ತೀಚೆಗೆ ಔಷಧಿ ಹೊಡೆದಿದ್ದರೆ ಕುರಿಗಾರರಿಗೆ ಮೊದಲೇ ಹೇಳಿ, ಡಬ್ಬಿಯ ಮೇಲಿನ ಕಾಯುವ ಅವಧಿ ಮುಗಿಯುವವರೆಗೆ ಬಿಡಬೇಡಿ. ನಂತರ ಗಿಡ ಬುಡಸಮೇತ ಕಿತ್ತು, ಟ್ರ್ಯಾಕ್ಟರಿನ ಶ್ರೆಡರ್‌ನಲ್ಲಿ ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಮಾಗಿ ಉಳುಮೆ ಆಳವಾಗಿ ಹೊಡೆಯಿರಿ.

ಹತ್ತಿ ಕಟ್ಟಿಗೆಯನ್ನು ಒಲೆಗೆಂದು ಬದುವಿನಲ್ಲಿ, ಹಿತ್ತಲಿನಲ್ಲಿ ಬಣವೆ ಒಟ್ಟುವುದು ಎಲ್ಲೆಡೆ ಇದೆ. ಬಿಡಲಾಗದಿದ್ದರೆ ಒಣಗಿದ ಕಾಯಿಗಳನ್ನೆಲ್ಲ ಬಡಿದು ಉದುರಿಸಿ ಸುಟ್ಟು, ಬರೀ ಕಡ್ಡಿ ಒಟ್ಟಿ, ಮೇ ಮುಗಿಯುವುದರೊಳಗೆ ಉರಿಸಿ ಖಾಲಿ ಮಾಡಿ. ಮನೆಯಲ್ಲಿ ದರಕ್ಕೆ ಕಾದು ಕೂಡಿಟ್ಟ ಹತ್ತಿಯನ್ನೂ ಮುಂಗಾರಿಗೆ ಮೊದಲು ಸಾಗಿಸಿ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಬೀಜದ ರಾಶಿ ಇರುವಲ್ಲಿ ಬೇಸಿಗೆಯುದ್ದಕ್ಕೂ ಪತಂಗ ಏಳುತ್ತಿರುತ್ತದೆ. ಮಿಲ್ಲಿನವರು ಗೋಡೆಗುಂಟ ಮೋಹಕ ಬಲೆ ಕಟ್ಟಬೇಕು, ಮಿಲ್ಲಿನ ಸುತ್ತ ಒಂದೆರಡು ಕಿಲೋಮೀಟರಿನಲ್ಲಿ ಹತ್ತಿ ಬಿತ್ತುವವರು ತಮ್ಮ ಬಲೆಯನ್ನು 45 ದಿನಕ್ಕೆ ಕಾಯದೆ ಮೊದಲ ಮೊಗ್ಗು ಕಾಣುವ ಮುಂಚೆಯೇ ಕಟ್ಟಬೇಕು.